ಕೋಲ್ಡ್ ರೂಮಿಗೆ ಕಾವಲು: ಓಪನ್ ಸೋರ್ಸ್ ತಂತ್ರಾಂಶದಲ್ಲಿ ಕಟ್ಟಿ ನಡೆಸುತ್ತಿರುವ ಒಂದು ಐಒಟಿ ವ್ಯವಸ್ಥೆ

ಲಸಿಕೆ, ಇನ್ಸುಲಿನ್‌ನಂಥ ಔಷಧಗಳನ್ನು ಇಡುವ ಕೋಲ್ಡ್ ರೂಮಿನ ಉಷ್ಣಾಂಶ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಅದನ್ನು ಅಳೆದು ಪರದೆಯ ಮೇಲೆ ತೋರಿಸುವುದು ಈಗ ದೊಡ್ಡ ಕೆಲಸವೇನಲ್ಲ. ಒಂದು ಬೋರ್ಡ್, ಒಂದು ಸೆನ್ಸರ್, ಒಂದಷ್ಟು ಸಿದ್ಧ ಕೋಡ್ ಇದ್ದರೆ ಸಂಜೆಯೊಳಗೆ ಅಂಕಿ ಕಾಣುತ್ತದೆ. ವ್ಯಾಪಾರಕ್ಕೆ ಬೇಕಾದದ್ದು ಅಷ್ಟೇ ಅಲ್ಲ. ಅಳತೆ ನಿಂತಾಗ, ನಿಂತಿದೆ ಎಂದು ಯಾರಿಗಾದರೂ ಗೊತ್ತಾಗಲೇಬೇಕು. ಪರದೆಯ ಮೇಲಿನ 5 ಡಿಗ್ರಿ ನಿನ್ನೆ ರಾತ್ರಿಯದಾಗಿದ್ದರೆ ಅದಕ್ಕಿಂತ ಸೆನ್ಸರ್ ಇಲ್ಲದಿರುವುದೇ ವಾಸಿ. ಕಡೇಪಕ್ಷ ಯಾರಾದರೂ ಬಾಗಿಲು ತೆರೆದು ಥರ್ಮಾಮೀಟರ್ ನೋಡುತ್ತಿದ್ದರು.

ನಾವು ಕಟ್ಟಿದ ಐಒಟಿ (ಸಾಧನಗಳೇ ನೆಟ್‌ವರ್ಕ್‌ಗೆ ಸೇರಿ ಅಂಕಿ ಕಳಿಸುವ) ವ್ಯವಸ್ಥೆಯ ಸಾಮಾನು ಇಷ್ಟು. ಕೊಠಡಿಗೊಂದು ವೈಫೈ ಇರುವ ಇಎಸ್‌ಪಿ32 ಬೋರ್ಡ್, ಅದಕ್ಕೆ ಉಷ್ಣಾಂಶ ಅಳೆಯುವ ನಾಲ್ಕು ಡಿಎಸ್18ಬಿ20 ಸೆನ್ಸರ್, ಬಾಗಿಲು ತೆರೆದದ್ದನ್ನು ಅಯಸ್ಕಾಂತದಿಂದ ತಿಳಿಯುವ ರೀಡ್ ಸ್ವಿಚ್, ಗಡಿಯಾರಕ್ಕೆ ಡಿಎಸ್3231, ಒಂದು ಬಜರ್. ಸರ್ವರ್ ಆಗಿ ಒಂದು ಚಿಕ್ಕ ಲಿನಕ್ಸ್ ಕಂಪ್ಯೂಟರ್. ಅದರಲ್ಲಿ ಸಂದೇಶ ಹಂಚಲು ಮಸ್ಕೀಟೊ, ತರ್ಕಕ್ಕೆ ನೋಡ್-ರೆಡ್, ಸಂಗ್ರಹಕ್ಕೆ ಇನ್‌ಫ್ಲಕ್ಸ್‌ಡಿಬಿ, ಗ್ರಾಫ್‌ಗಳಿಗೆ ಗ್ರಫಾನ. ಎಲ್ಲದರ ಸೋರ್ಸ್ ಕೋಡ್ ತೆರೆದು ನೋಡಬಹುದು. ಎಲ್ಲೋ ಒಂದು ಅಂಕಿ ಮಾಯವಾದಾಗ ಅದು ಯಾವ ಕೊಂಡಿಯಲ್ಲಿ ಬಿದ್ದುಹೋಯಿತು ಎಂದು ಹಂತಹಂತವಾಗಿ ಹುಡುಕಲು ಇದಕ್ಕಿಂತ ಒಳ್ಳೆಯ ಅನುಕೂಲ ಬೇರೆ ಇಲ್ಲ.

ಮೊದಲ ತೀರ್ಮಾನ ಬೋರ್ಡ್ ಎಲ್ಲಿರಬೇಕು ಎನ್ನುವುದು. ಕೋಲ್ಡ್ ರೂಮಿನ ಗೋಡೆ ಎಂದರೆ ನಡುವೆ ಫೋಮ್ ತುಂಬಿದ ಲೋಹದ ತಗಡು. ವೈಫೈ ಅದನ್ನು ದಾಟಿ ಬರುವುದಿಲ್ಲ ಎಂದೇ ಲೆಕ್ಕ ಹಿಡಿಯಬೇಕು. ಮೇಲಾಗಿ ಬಾಗಿಲು ತೆರೆದಾಗಲೆಲ್ಲ ಹೊರಗಿನ ತೇವದ ಗಾಳಿ ನುಗ್ಗಿ ತಣ್ಣನೆಯ ಬೋರ್ಡಿನ ಮೇಲೆ ನೀರಾಗುತ್ತದೆ. ಆದ್ದರಿಂದ ಬೋರ್ಡ್ ಹೊರಗೆ, ಸೆನ್ಸರ್ ಮಾತ್ರ ಒಳಗೆ. ವೈರ್ ಹೊರಬರುವ ತೂತನ್ನು ಸಿಲಿಕೋನ್ ಹಾಕಿ ಮುಚ್ಚಬೇಕು. ಬಾಕ್ಸ್ ಒಳಹೊಗುವ ಮುನ್ನ ವೈರ್ ಒಮ್ಮೆ ಕೆಳಗೆ ಇಳಿದು ಮತ್ತೆ ಮೇಲೇರುವಂತೆ ಬಳಸಿದರೆ, ವೈರ್ ಗುಂಟ ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಸೆನ್ಸರ್ ಜೊತೆ ಬರುವ ವೈರ್ ಚಿಕ್ಕದಿದ್ದು ಜೋಡಿಸಬೇಕಾದರೆ ಆ ಜೋಡಣೆಯೇ ಮೊದಲು ಕೆಡುವ ಜಾಗ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬನ್ನೇ ಬಳಸಬೇಕು. ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ತೇವ ಒಳಗಿಳಿದು ರೀಡಿಂಗ್ ಆಗಾಗ ತಪ್ಪತೊಡಗುತ್ತದೆ.

ಡಿಎಸ್18ಬಿ20 ಡಿಜಿಟಲ್ ಸೆನ್ಸರ್. ಒಂದೇ ಡೇಟಾ ವೈರಿನ ಮೇಲೆ ಹಲವು ಸೆನ್ಸರ್‌ಗಳನ್ನು ಕೂಡಿಸಬಹುದು, ಒಂದೊಂದಕ್ಕೂ 64 ಬಿಟ್‌ಗಳ ಸ್ವಂತ ವಿಳಾಸವಿದೆ. ಡೇಟಾ ವೈರ್ ಮತ್ತು 3.3 ವೋಲ್ಟ್ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಬೇಕು. ವೈರ್ ಉದ್ದವಾದರೆ 2.2 ಕಿಲೋ ಓಮ್‌ಗೆ ಇಳಿಸಿದಾಗ ಸಿಗ್ನಲ್ ಚುರುಕಾಗುತ್ತದೆ. ಸೆನ್ಸರ್‌ಗಳು ಒಂದೇ ಉದ್ದ ವೈರಿನ ಮೇಲೆ ಸಾಲಾಗಿ ಕೂರಬೇಕು. ನಡುವಿನಿಂದ ನಾಲ್ಕು ದಿಕ್ಕಿಗೆ ಕವಲೊಡೆದರೆ ಪ್ರತಿಫಲನದಿಂದ ಸಿಗ್ನಲ್ ಕೆಡುತ್ತದೆ. ಎರಡು ವೈರ್‌ಗಳಲ್ಲಿ ಕೆಲಸ ಮುಗಿಸುವ ಪ್ಯಾರಸೈಟ್ ವಿಧಾನದ ಆಸೆ ಬಿಟ್ಟು ಮೂರೂ ವೈರ್ ಕೊಡುವುದು ಕ್ಷೇಮ.

ಯಾವ ಪಿನ್‌ಗೆ ಕೊಡಬೇಕು ಎನ್ನುವುದೂ ಸಣ್ಣ ವಿಷಯವಲ್ಲ. ಇಎಸ್‌ಪಿ32ರ 34ರಿಂದ 39ರವರೆಗಿನ ಪಿನ್‌ಗಳು ಓದಲು ಮಾತ್ರ. ಈ ಸೆನ್ಸರ್‌ನೊಂದಿಗೆ ಮಾತಾಡಲು ಬರೆಯಲೂ ಬೇಕು. 6ರಿಂದ 11 ಒಳಗಿನ ಫ್ಲ್ಯಾಶ್ ಮೆಮೊರಿಗೆ ಸೇರಿದವು. 12ನೇ ಪಿನ್‌ಗೆ ಕೊಟ್ಟರೆ ಬೋರ್ಡೇ ಏಳುವುದಿಲ್ಲ. ಚಿಪ್ ಶುರುವಾಗುವ ಕ್ಷಣದಲ್ಲಿ ಆ ಪಿನ್ ನೋಡಿ ಫ್ಲ್ಯಾಶ್‌ಗೆ ಎಷ್ಟು ವೋಲ್ಟ್ ಕೊಡಬೇಕೆಂದು ನಿರ್ಧರಿಸುತ್ತದೆ; ನಾವು ಹಾಕಿದ ರೆಸಿಸ್ಟರ್ ಅದನ್ನು ಮೇಲೆಳೆದಿರುವುದರಿಂದ ತಪ್ಪು ವೋಲ್ಟೇಜ್ ಹೋಗುತ್ತದೆ. ಕೋಡ್ ಹಾಕುವಾಗ ಸೆನ್ಸರ್ ಕಳಚಿದ್ದು, ಆಮೇಲೆ ಜೋಡಿಸಿ ಕರೆಂಟ್ ಕೊಟ್ಟಾಗ ಬೋರ್ಡ್ ಸತ್ತಂತೆ ಕಂಡರೆ ಮೊದಲು ಇದನ್ನೇ ನೋಡಿ. 4ನೇ ಪಿನ್‌ನಲ್ಲಿ ಈ ತಾಪತ್ರಯವಿಲ್ಲ.

ಈ ಸೆನ್ಸರ್ ಸುಳ್ಳು ಹೇಳುವ ಎರಡು ಅಂಕಿಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಒಂದು 85. ಕರೆಂಟ್ ಬಂದೊಡನೆ ಸೆನ್ಸರ್ ಒಳಗಿರುವ ಆರಂಭದ ಮೌಲ್ಯ ಅದು. 12 ಬಿಟ್ ನಿಖರತೆಯಲ್ಲಿ ಅಳೆಯಲು ಅದಕ್ಕೆ 750 ಮಿಲಿಸೆಕೆಂಡ್ ಬೇಕು. ಅಳತೆ ಮುಗಿಯುವ ಮೊದಲೇ ಓದಿದರೆ, ಅಥವಾ ಅಳೆಯುವ ನಡುವೆ ಕರೆಂಟ್ ಕುಸಿದು ಸೆನ್ಸರ್ ಮರುಚಾಲನೆಯಾದರೆ 85 ಬರುತ್ತದೆ. ಇನ್ನೊಂದು ಮೈನಸ್ 127. ಇದು ಸೆನ್ಸರ್ ಕೊಟ್ಟದ್ದಲ್ಲ, ಬೋರ್ಡಿಗೆ ಕೋಡ್ ಬರೆಯುವ ಆರ್ಡುಯಿನೊ ತಂತ್ರಾಂಶದಲ್ಲಿ ಬಳಕೆಯಲ್ಲಿರುವ ಲೈಬ್ರರಿ ‘ಸೆನ್ಸರ್ ಸಿಗಲಿಲ್ಲ’ ಎನ್ನಲು ಕೊಡುವ ಸಂಕೇತ. ಎರಡನ್ನೂ ಸುಮ್ಮನೆ ಎಸೆದುಬಿಡುವ ಕೋಡ್ ಬಹಳ ಕಡೆ ಸಿಗುತ್ತದೆ. ಎಸೆಯುವುದು ಸರಿ, ಆದರೆ ಎಸೆದದ್ದನ್ನು ಎಣಿಸಿ ಆ ಎಣಿಕೆಯನ್ನೂ ಸರ್ವರ್‌ಗೆ ಕಳಿಸಬೇಕು. ಏರುತ್ತಿರುವ ಎಣಿಕೆಯೆಂದರೆ ವೈರಿನ ಜೋಡಣೆ ಹದಗೆಡುತ್ತಿದೆ ಎಂದೇ ಅರ್ಥ, ಪೂರ್ತಿ ಕೈಕೊಡುವ ಮುನ್ನವೇ ಗೊತ್ತಾಗುತ್ತದೆ.

ಮೈನಸ್ 10ರಿಂದ 85 ಡಿಗ್ರಿಯವರೆಗೆ ಈ ಸೆನ್ಸರಿನ ನಿಖರತೆ ಅರ್ಧ ಡಿಗ್ರಿ ಆಚೀಚೆ. 8 ಡಿಗ್ರಿಯ ಮಿತಿ ಇರುವಲ್ಲಿ ಅರ್ಧ ಡಿಗ್ರಿ ಕಡಿಮೆಯೇನಲ್ಲ, ಹಾಗಾಗಿ ಪ್ರತಿ ಸೆನ್ಸರನ್ನೂ ಮಂಜುಗಡ್ಡೆಯಲ್ಲಿಟ್ಟು ಪರೀಕ್ಷಿಸುತ್ತೇವೆ. ಥರ್ಮಾಸ್ ಫ್ಲಾಸ್ಕಿಗೆ ಶುದ್ಧ ನೀರಿನ ಐಸನ್ನು ಪುಡಿಮಾಡಿ ತುಂಬಿ, ಸಂದುಗಳು ತುಂಬುವಷ್ಟೇ ತಣ್ಣೀರು ಹಾಕಬೇಕು. ನೀರು ಹೆಚ್ಚಾಗಿ ಐಸ್ ತೇಲಿದರೆ ಪರೀಕ್ಷೆ ಕೆಟ್ಟಂತೆ. ನೀರು 4 ಡಿಗ್ರಿಯಲ್ಲಿ ಅತಿ ಸಾಂದ್ರ, ಅದು ತಳಕ್ಕಿಳಿಯುತ್ತದೆ, ಸೆನ್ಸರ್ ತಳದಲ್ಲಿದ್ದರೆ ಸೊನ್ನೆಯ ಬದಲು ಬೇರೇನನ್ನೋ ಅಳೆಯುತ್ತದೆ. ನಡುಮಧ್ಯದಲ್ಲಿ, ಗೋಡೆಗೆ ತಾಗದಂತೆ ಇಟ್ಟು, ಆಗಾಗ ಕದಡುತ್ತ ಕಾಲು ಗಂಟೆ ಬಿಟ್ಟು ಓದಿದ ಸರಾಸರಿಯೇ ಆ ಸೆನ್ಸರಿನ ತಿದ್ದುಪಡಿ. ಅದನ್ನು ಅದರ 64 ಬಿಟ್ ವಿಳಾಸದ ಎದುರು ಬರೆದಿಡುತ್ತೇವೆ. ‘ಎಡಗಡೆಯ ಸೆನ್ಸರ್’ ಎಂದು ಬರೆದರೆ ಬದಲಾಯಿಸಿದ ದಿನ ಹಳೆಯದರ ತಿದ್ದುಪಡಿ ಹೊಸದಕ್ಕೆ ಅಂಟಿಕೊಳ್ಳುತ್ತದೆ. ಸರ್ವರ್‌ಗೆ ಕಳಿಸುವುದು ಸೆನ್ಸರ್ ಕೊಟ್ಟ ಮೂಲ ಅಂಕಿಯನ್ನೇ. ತಿದ್ದುಪಡಿ ಮಾಡುವುದು ಸರ್ವರ್‌ನಲ್ಲಿ. ಮುಂದೆಂದೋ ತಿದ್ದುಪಡಿಯೇ ತಪ್ಪೆಂದು ಕಂಡರೆ ಹಳೆಯ ದಾಖಲೆಯನ್ನು ಮತ್ತೆ ಲೆಕ್ಕ ಹಾಕಬಹುದು.

ಒಳಗೆ ಸೆನ್ಸರ್ ಇಡುವ ಜಾಗ: ಒಂದು ಬಾಗಿಲ ಹತ್ತಿರ, ಒಂದು ತಂಪು ಗಾಳಿ ಹೊರಬರುವ ಕಡೆ, ಎರಡು ಸರಕಿನ ನಡುವೆ. ಸರಕಿನ ನಡುವಿನದನ್ನು ಗ್ಲೈಕಾಲ್ ತುಂಬಿದ ಸಣ್ಣ ಬಾಟಲಿಯಲ್ಲಿ ಮುಳುಗಿಸುತ್ತೇವೆ. ಬಾಗಿಲು ತೆರೆದಾಗ ಗಾಳಿ ಕ್ಷಣದಲ್ಲಿ ಬಿಸಿಯಾದರೂ ಸೀಸೆಯೊಳಗಿನ ಔಷಧ ಅಷ್ಟು ಬೇಗ ಬಿಸಿಯಾಗುವುದಿಲ್ಲ. ಗಾಳಿಯನ್ನು ನೋಡಿ ಅಲಾರಂ ಹೊಡೆದರೆ ದಿನಕ್ಕೆ ಹತ್ತು ಸಲ ಹೊಡೆಯುತ್ತದೆ, ಹನ್ನೊಂದನೆಯ ಸಲ ಯಾರೂ ಏಳುವುದಿಲ್ಲ.

ಬೋರ್ಡಿನ ವಿದ್ಯುತ್ ವಿಷಯ ಬೇಗ ಹೇಳಬಹುದು. ಇಎಸ್‌ಪಿ32 ವೈಫೈಯಲ್ಲಿ ಕಳಿಸುವ ಕ್ಷಣಗಳಲ್ಲಿ ಕರೆಂಟ್ ಥಟ್ಟನೆ ಏರುತ್ತದೆ, 500 ಮಿಲಿಆಂಪ್ ಕೊಡಬಲ್ಲ ಸಪ್ಲೈ ಇರಲೇಬೇಕು. ತೆಳ್ಳಗಿನ ಯುಎಸ್‌ಬಿ ಕೇಬಲ್‌ನಲ್ಲಿ ವೋಲ್ಟೇಜ್ ಇಳಿದು ಬೋರ್ಡ್ ‘ಬ್ರೌನ್‌ಔಟ್’ ಎನ್ನುತ್ತ ಮತ್ತೆ ಮತ್ತೆ ಶುರುವಾಗುತ್ತದೆ. ದಪ್ಪ ಕೇಬಲ್, ಬೋರ್ಡಿನ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಯಾವ ಕಾರಣಕ್ಕೆ ಮರುಚಾಲನೆಯಾಯಿತು ಎಂದು ಚಿಪ್ ತಾನೇ ಹೇಳುತ್ತದೆ. ಆ ಕಾರಣ, ವೈಫೈ ಬಲ, ಸಂದೇಶದ ಕ್ರಮಸಂಖ್ಯೆ ಮೂರನ್ನೂ ಉಷ್ಣಾಂಶದ ಜೊತೆ ಕಳಿಸುತ್ತೇವೆ. ಕ್ರಮಸಂಖ್ಯೆ ಒಂದು ಜಿಗಿದರೂ ಸಂದೇಶ ಕಳೆದಿದೆ ಎಂದು ತಿಳಿಯುತ್ತದೆ.

ಸಂದೇಶ ಸಾಗುವುದು ಎಂಕ್ಯೂಟಿಟಿಯಲ್ಲಿ. 1999ರಲ್ಲಿ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ತೈಲದ ಕೊಳವೆಗಳ ಮೇಲೆ ಉಪಗ್ರಹದ ಮೂಲಕ ನಿಗಾ ಇಡಲು ರೂಪಿಸಿದ ಪದ್ಧತಿ ಇದು. ಸಂಪರ್ಕ ಕಡಿಯುವುದು ಮಾಮೂಲಿ ಎಂದು ಒಪ್ಪಿಕೊಂಡೇ ಹುಟ್ಟಿದ್ದರಿಂದ ನಮ್ಮ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಸಾಧನ ಬ್ರೋಕರ್‌ಗೆ (ಸಂದೇಶ ಹಂಚುವ ತಂತ್ರಾಂಶ, ನಮ್ಮಲ್ಲಿ ಮಸ್ಕೀಟೊ) ಸೇರುವಾಗಲೇ ‘ನಾನು ಹೇಳದೆ ಹೋದರೆ ಈ ಸಂದೇಶ ಹಂಚು’ ಎಂದು ಒಂದು ವಿಲ್ ಬರೆದುಕೊಡಬಹುದು. ಕೀಪ್-ಅಲೈವ್ (ಬದುಕಿದ್ದೇನೆ ಎಂದು ಸಾಧನ ತಿಳಿಸಬೇಕಾದ ಅವಧಿ) 60 ಸೆಕೆಂಡ್ ಇಟ್ಟರೆ, ಅದರ ಒಂದೂವರೆಪಟ್ಟು, ಅಂದರೆ 90 ಸೆಕೆಂಡ್ ಸದ್ದಿಲ್ಲದಿದ್ದಾಗ ಬ್ರೋಕರ್ ಆ ವಿಲ್ ಹಂಚುತ್ತದೆ. ಸ್ಥಿತಿಯ ಸಂದೇಶವನ್ನು ರಿಟೇನ್ ಮಾಡುತ್ತೇವೆ (ಕೊನೆಯದನ್ನು ಬ್ರೋಕರ್ ಉಳಿಸಿಕೊಳ್ಳುವಂತೆ), ಯಾರು ಯಾವಾಗ ಕೇಳಿದರೂ ಸಾಧನ ಇದೆಯೋ ಇಲ್ಲವೋ ಸಿಗಲೆಂದು. ಉಷ್ಣಾಂಶವನ್ನು ಮಾತ್ರ ರಿಟೇನ್ ಮಾಡುವುದಿಲ್ಲ. ಮಾಡಿದರೆ, ಸತ್ತ ಸಾಧನದ ಕೊನೆಯ ಅಂಕಿ ಹೊಸದಾಗಿ ಸೇರಿದವರಿಗೆಲ್ಲ ಈಗಿನದೆಂಬಂತೆ ತಲುಪುತ್ತದೆ.

ಮಸ್ಕೀಟೊ 2.0 ಬಂದ ಮೇಲೆ, ಹಾಕಿದ ಕೂಡಲೇ ಹೊರಗಿನ ಯಾವ ಸಾಧನವೂ ಸೇರುವುದಿಲ್ಲ. ಅದೇ ಯಂತ್ರದೊಳಗಿನವರಿಗೆ ಮಾತ್ರ ಬಾಗಿಲು ತೆರೆದಿರುತ್ತದೆ. ಕಾನ್ಫಿಗರೇಷನ್ ಫೈಲಿನಲ್ಲಿ ಹೊರಗಿನವರಿಗೆ ಬಾಗಿಲು ತೆರೆಯುವ ಲಿಸನರ್ ಸಾಲು ಬರೆದು ಪಾಸ್‌ವರ್ಡ್ ಫೈಲ್ ತೋರಿಸಬೇಕು. ಇಲ್ಲಿ ಎಲ್ಲರನ್ನೂ ಪಾಸ್‌ವರ್ಡ್ ಇಲ್ಲದೆ ಬಿಡುವ ಸಾಲನ್ನು ಹಾಕಿ ಮುಂದೆ ಹೋಗುವ ಸಲಹೆ ಸಿಗುತ್ತದೆ, ಅದನ್ನು ಕೇಳಬೇಡಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶದ ದಾಳಿ ಹರಡಿದ್ದೇ ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೂಟರ್‌ಗಳ ಮೂಲಕ. ಸಾಧನಕ್ಕೊಂದು ಪಾಸ್‌ವರ್ಡ್ ಇರಲಿ, ಅದು ತನ್ನ ಟಾಪಿಕ್‌ನಲ್ಲಿ (ಸಂದೇಶಕ್ಕೆ ಕೊಟ್ಟ ವಿಳಾಸ) ಮಾತ್ರ ಬರೆಯುವಂತೆ ಎಸಿಎಲ್, ಅಂದರೆ ಅನುಮತಿಗಳ ಪಟ್ಟಿ ಇರಲಿ. ಕ್ಲೈಂಟ್ ಐಡಿ ಕೂಡ ಪ್ರತ್ಯೇಕವಾಗಿರಬೇಕು. ಒಂದೇ ಐಡಿಯ ಕೋಡನ್ನು ಎರಡು ಬೋರ್ಡ್‌ಗಳಿಗೆ ಹಾಕಿದರೆ ಒಂದು ಸೇರಿದಾಗ ಇನ್ನೊಂದನ್ನು ಬ್ರೋಕರ್ ಹೊರದಬ್ಬುತ್ತದೆ, ಅದು ಮತ್ತೆ ಸೇರಿ ಇದನ್ನು ದಬ್ಬುತ್ತದೆ. ನೋಡುವವರಿಗೆ ವೈಫೈ ಕೆಟ್ಟಂತೆ ಕಾಣುತ್ತದೆ. ಪ್ರತಿ ಬೋರ್ಡಿಗೂ ಬೇರೆಯಾಗಿರುವ ಮ್ಯಾಕ್ ವಿಳಾಸದಿಂದ ಐಡಿ ಕಟ್ಟಿದರೆ ಈ ಜಗಳವೇ ಇಲ್ಲ.

ನೆಟ್‌ವರ್ಕ್ ಹೋದಾಗ ರೀಡಿಂಗ್ ಎಲ್ಲಿ ಹೋಗಬೇಕು? ಬೋರ್ಡಿನ ಫ್ಲ್ಯಾಶ್‌ನಲ್ಲೇ ಇರಬೇಕು. ಒಂದು ರೀಡಿಂಗ್‌ಗೆ 12 ಬೈಟ್ ಹಿಡಿದರೆ, ನಿಮಿಷಕ್ಕೊಂದರಂತೆ ದಿನಕ್ಕೆ 1440, ಒಂದು ಸೆನ್ಸರಿಗೆ 17,280 ಬೈಟ್. ಒಂದು ಮೆಗಾಬೈಟ್ ಜಾಗದಲ್ಲಿ ನಾಲ್ಕು ಸೆನ್ಸರ್‌ಗಳ ಸುಮಾರು ಹದಿನೈದು ದಿನದ ದಾಖಲೆ ಕೂರುತ್ತದೆ. ಫ್ಲ್ಯಾಶ್ ಸವೆಯುವುದರಿಂದ ಸಂಪರ್ಕ ಇಲ್ಲದಾಗ ಮಾತ್ರ ಬರೆಯುತ್ತೇವೆ. ಹೀಗೆ ಕೂಡಿಟ್ಟದ್ದಕ್ಕೆ ಬೆಲೆ ಬರುವುದು ಸಮಯದ ಮುದ್ರೆ ಬೋರ್ಡಿನಲ್ಲೇ ಬಿದ್ದಿದ್ದರೆ ಮಾತ್ರ. ಸರ್ವರ್ ತನಗೆ ತಲುಪಿದ ಸಮಯ ಹಾಕಿದರೆ ರಾತ್ರಿಯಿಡೀ ಕೂಡಿಟ್ಟ ಅಂಕಿಗಳೆಲ್ಲ ಬೆಳಗಿನ ಒಂದೇ ನಿಮಿಷದ ಮೇಲೆ ರಾಶಿ ಬೀಳುತ್ತವೆ. ಇಂಟರ್ನೆಟ್ ಇಲ್ಲದೆ ಮರುಚಾಲನೆಯಾದ ಬೋರ್ಡಿಗೆ ಗಂಟೆ ಗೊತ್ತಿರುವುದಿಲ್ಲ, 1970ರಿಂದ ಎಣಿಸತೊಡಗುತ್ತದೆ. ಬ್ಯಾಟರಿ ಇರುವ ಡಿಎಸ್3231 ಬೇಕಾದದ್ದು ಇದಕ್ಕೇ; ಅದು ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷದಷ್ಟು ತಪ್ಪಬಹುದು. ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಟಿಎಲ್‌ಎಸ್ ಬಳಸುವವರಿಗೆ ಇದರಿಂದ ಇನ್ನೊಂದು ಲಾಭ: ದಿನಾಂಕ ತಪ್ಪಿದ್ದರೆ ಸರ್ಟಿಫಿಕೇಟ್ ಪರಿಶೀಲನೆ ಸೋತು ಸಂಪರ್ಕವೇ ಆಗುವುದಿಲ್ಲ.

ಆರ್ಡುಯಿನೊದಲ್ಲಿ ಹೆಚ್ಚು ಬಳಸುವ ಪಬ್‌ಸಬ್‌ಕ್ಲೈಂಟ್ ಲೈಬ್ರರಿ ಕ್ಯೂಒಎಸ್ (ಸಂದೇಶ ತಲುಪುವ ಖಾತರಿಯ ಮಟ್ಟ) 0ಯಲ್ಲಿ ಮಾತ್ರ ಕಳಿಸುತ್ತದೆ. ತಲುಪಿತೇ ಎಂಬ ಖಾತರಿ ಇಲ್ಲ. ಈ ಚಿಪ್ ತಯಾರಿಸುವ ಎಸ್ಪ್ರೆಸಿಫ್‌ನ ಐಡಿಎಫ್ (ಕೋಡ್ ಬರೆಯುವ ಸಾಧನಗಳ ಕಟ್ಟು) ಜೊತೆ ಬರುವ ಎಂಕ್ಯೂಟಿಟಿ ಲೈಬ್ರರಿಯಲ್ಲಿ ಕ್ಯೂಒಎಸ್ 1 ಇದೆ. ಬ್ರೋಕರ್ ರಸೀದಿ ಕೊಟ್ಟ ಮೇಲಷ್ಟೇ ಫ್ಲ್ಯಾಶ್‌ನಿಂದ ಅಳಿಸುತ್ತೇವೆ. ರಸೀದಿ ದಾರಿಯಲ್ಲಿ ಕಳೆದರೆ ಅದೇ ರೀಡಿಂಗ್ ಎರಡು ಸಲ ಬರಬಹುದು. ಬರಲಿ. ಒಂದೇ ಟ್ಯಾಗ್ (ಯಾವ ಸೆನ್ಸರಿನದೆಂಬ ಗುರುತು), ಒಂದೇ ಸಮಯದ ಅಂಕಿ ಎರಡು ಸಲ ಬಂದರೆ ಇನ್‌ಫ್ಲಕ್ಸ್‌ಡಿಬಿ ಹಳೆಯದರ ಮೇಲೆ ಬರೆಯುತ್ತದೆ, ನಕಲು ಉಳಿಯುವುದಿಲ್ಲ. ಅಲ್ಲಿ ಸಮಯದ ಏಕಮಾನ ಸ್ಪಷ್ಟವಾಗಿ ಹೇಳಬೇಕು. ಹೇಳದಿದ್ದರೆ ನ್ಯಾನೋಸೆಕೆಂಡ್ ಎಂದುಕೊಳ್ಳುತ್ತದೆ; ಸೆಕೆಂಡ್‌ಗಳಲ್ಲಿ ಕಳಿಸಿದ ಅಂಕಿಯೆಲ್ಲ 1970ರ ಜನವರಿ 1ಕ್ಕೆ ಹೋಗಿ ಕೂರುತ್ತದೆ. ಬರೆದದ್ದು ಯಶಸ್ವಿ ಎನ್ನುತ್ತದೆ, ಗ್ರಾಫ್ ಮಾತ್ರ ಖಾಲಿ.

ಇನ್ನು ಮೌನವನ್ನು ಹಿಡಿಯುವ ಭಾಗ. ಮೂರು ಕಡೆ ಮೋಸ ಹೋಗುವ ಸಂಭವವಿದೆ. ನೋಡ್-ರೆಡ್‌ನಲ್ಲಿ ಟ್ರಿಗರ್ ನೋಡ್ ಇಟ್ಟು, ಹೊಸ ಸಂದೇಶ ಬಂದಾಗಲೆಲ್ಲ ಐದು ನಿಮಿಷದ ಗಡುವು ಮುಂದೆ ಹೋಗುವಂತೆ ಮಾಡುತ್ತೇವೆ. ಗಡುವು ಮುಗಿದರೆ ಅಲಾರಂ. ಆದರೆ ಆ ನೋಡ್ ಬಂದ ಸಂದೇಶಗಳನ್ನೆಲ್ಲ ಒಂದೇ ಹೊಳೆಯಾಗಿ ನೋಡುತ್ತದೆ. ನಾಲ್ಕರಲ್ಲಿ ಮೂರು ಸೆನ್ಸರ್ ಮಾತಾಡುತ್ತಿದ್ದರೆ ಸತ್ತ ನಾಲ್ಕನೆಯದರ ಗಡುವೂ ಮುಂದೆ ಹೋಗುತ್ತಲೇ ಇರುತ್ತದೆ. ಸೆನ್ಸರಿಗೊಂದು ಟಾಪಿಕ್ ಕೊಟ್ಟು, ಟಾಪಿಕ್ ಒಂದೊಂದನ್ನೂ ಬೇರೆ ಬೇರೆಯಾಗಿ ನೋಡು ಎಂಬ ಆಯ್ಕೆ ಹಾಕಲೇಬೇಕು. ಅಷ್ಟಾದರೂ ಇನ್ನೊಂದು ಸಂದು ಉಳಿಯುತ್ತದೆ: ನೋಡ್-ರೆಡ್ ಮರುಚಾಲನೆಯಾದಾಗ ಗಡುವು ಶುರುವಾಗುವುದು ಮೊದಲ ಸಂದೇಶ ಬಂದ ಮೇಲೆ. ಆ ಹೊತ್ತಿಗೆ ಸತ್ತಿರುವ ಸೆನ್ಸರಿನಿಂದ ಮೊದಲ ಸಂದೇಶವೇ ಬರುವುದಿಲ್ಲ. ಆದ್ದರಿಂದ ಇರಬೇಕಾದ ಸೆನ್ಸರ್‌ಗಳ ಪಟ್ಟಿ ಇಟ್ಟು, ಶುರುವಾದೊಡನೆ ಪ್ರತಿ ಹೆಸರಿಗೂ ಗಡುವು ಹಚ್ಚುತ್ತೇವೆ.

ಎರಡನೆಯ ಮೋಸ ಗ್ರಾಫ್‌ನಲ್ಲಿ. ಕ್ವೆರಿಯಲ್ಲಿ ಖಾಲಿ ಜಾಗವನ್ನು ಹಿಂದಿನ ಅಂಕಿಯಿಂದ ತುಂಬು ಎಂದಿದ್ದರೆ, ಅಥವಾ ಗ್ರಫಾನದಲ್ಲಿ ಖಾಲಿಯನ್ನು ಗೆರೆ ಎಳೆದು ಸೇರಿಸು ಎಂದಿದ್ದರೆ, ಮೂರು ಗಂಟೆಯ ಮೌನ ಚೆಂದದ ನೇರ ಗೆರೆಯಾಗಿ ಕಾಣುತ್ತದೆ. ಎರಡನ್ನೂ ತೆಗೆಯಿರಿ, ಗೆರೆ ತುಂಡಾಗಿಯೇ ಕಾಣಲಿ. ಅಲಾರಂ ನಿಯಮದಲ್ಲಿ ಡೇಟಾ ಇಲ್ಲದ ಸ್ಥಿತಿಯನ್ನೂ ಅಲಾರಂ ಎಂದೇ ಇಡಬೇಕು. ಮೂರನೆಯದು ಸರ್ವರ್ ತಾನೇ ಸತ್ತರೆ ಹೇಳುವವರು ಯಾರು ಎಂಬುದು. ಹೆಲ್ತ್‌ಚೆಕ್ಸ್ ಎಂಬ ಓಪನ್ ಸೋರ್ಸ್ ತಂತ್ರಾಂಶವನ್ನು ಬೇರೆ ಕಡೆಯ, ಬೇರೆ ಇಂಟರ್ನೆಟ್ ಸಂಪರ್ಕದ ಯಂತ್ರದಲ್ಲಿ ಹಾಕಿ, ನಮ್ಮ ಸರ್ವರ್ ನಿಮಿಷಕ್ಕೊಮ್ಮೆ ಅದಕ್ಕೆ ಒಂದು ಸದ್ದು ಕಳಿಸುವಂತೆ ಮಾಡಿದ್ದೇವೆ. ಸದ್ದು ನಿಂತರೆ ಅದು ಎಚ್ಚರಿಸುತ್ತದೆ. ಬೋರ್ಡಿಗೂ ಸರ್ವರಿಗೂ ಯುಪಿಎಸ್ ಕೊಟ್ಟು ನಡುವಿನ ವೈಫೈ ರೂಟರನ್ನು ಮರೆಯುವುದು ಎಲ್ಲೆಡೆ ನಡೆಯುತ್ತದೆ. ಕರೆಂಟ್ ಹೋದಾಗ, ಅಂದರೆ ಅಲಾರಂ ಅತ್ಯಗತ್ಯವಾದ ಹೊತ್ತಿನಲ್ಲೇ, ದಾರಿ ಮುಚ್ಚಿರುತ್ತದೆ. ಕೊಠಡಿಯ ಬಜರ್ ಮಾತ್ರ ಬೋರ್ಡಿನ ಸ್ವಂತ ನಿರ್ಧಾರದಿಂದ ಹೊಡೆಯುತ್ತದೆ, ಅದಕ್ಕೆ ಸರ್ವರಿನ ಅಪ್ಪಣೆ ಬೇಡ.

ಮಿತಿಗಳು: 8 ಡಿಗ್ರಿ ದಾಟಿ ಹತ್ತು ನಿಮಿಷ ಉಳಿದರೆ ಅಲಾರಂ, 7ಕ್ಕಿಳಿದ ಮೇಲೆ ಮಾತ್ರ ರದ್ದು. ಹತ್ತು ನಿಮಿಷದ ಬಿಡುವು ಡಿಫ್ರಾಸ್ಟ್ (ಕಟ್ಟಿದ ಮಂಜು ಕರಗಿಸುವುದು) ಆಗುವಾಗಿನ ಏರಿಕೆಗೆ, ಒಂದು ಡಿಗ್ರಿಯ ಅಂತರ ಮಿತಿಯ ಮೇಲೇ ಅಲಾರಂ ಹೊಯ್ದಾಡದಿರಲಿ ಎಂದು. ಕೆಳಗಿನ ಮಿತಿಗೆ ಬಿಡುವು ಬಹಳ ಕಡಿಮೆ ಇಡಬೇಕು. ಅಲ್ಯೂಮಿನಿಯಂ ಲವಣ ಸೇರಿಸಿದ ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟವೇ, ಮತ್ತೆ ಕರಗಿಸಿ ಉಪಯೋಗವಿಲ್ಲ.

ಹೀಗೆ ಬಂದ ಡೇಟಾದಲ್ಲಿ ವ್ಯಾಪಾರಕ್ಕೆ ನಿಜವಾದ ಲಾಭ ಸಿಗುವುದು ಕಂಪ್ರೆಸರ್ ಕಡೆಯಿಂದ. ಅದರ ಎನರ್ಜಿ ಮೀಟರನ್ನು ಯಂತ್ರಗಳು ಮಾತಾಡುವ ಮಾಡ್‌ಬಸ್ ಎಂಬ ಪದ್ಧತಿಯ ಮೂಲಕ ಓದುತ್ತೇವೆ: ಆರ್‌ಎಸ್-485 ವೈರ್, ಎರಡೂ ತುದಿಗೆ 120 ಓಮ್. ಇಲ್ಲಿ ಸಮಯ ನುಂಗುವುದು ರಿಜಿಸ್ಟರ್ (ಮೀಟರ್ ತನ್ನ ಅಂಕಿ ಇಡುವ ಮನೆ) ಲೆಕ್ಕ. ಕೈಪಿಡಿಯ 40001 ತಂತಿಯ ಮೇಲೆ ಸೊನ್ನೆಯಾಗಿ ಹೋಗುತ್ತದೆ. ಒಂದು ಆಚೀಚೆಯಾದರೆ ಪಕ್ಕದ ಅಂಕಿ ಬರುತ್ತದೆ. ವೋಲ್ಟೇಜ್‌ನಂಥವು ಎರಡು ರಿಜಿಸ್ಟರ್‌ಗಳಲ್ಲಿ ಹರಡಿರುತ್ತವೆ. 17254 ಮತ್ತು 0 ಎಂದು ಬಂದರೆ, ಮೊದಲನೆಯದನ್ನು ಮೇಲಿನ ಅರ್ಧವಾಗಿ ಜೋಡಿಸಿದಾಗ 230 ವೋಲ್ಟ್. ತಿರುಗಿಸಿ ಜೋಡಿಸಿದರೆ ಸೊನ್ನೆಗೆ ಅಂಟಿದಂಥ ಅತಿ ಚಿಕ್ಕ ಸಂಖ್ಯೆ, ಪರದೆಯ ಮೇಲೆ 0.00. ಮೀಟರ್ ಕೆಟ್ಟಿದೆ ಎಂದು ವಾಪಸ್ ಕಳಿಸುವ ಮುನ್ನ ಈ ಕ್ರಮ ಬದಲಿಸಿ ನೋಡಿ.

ಒಂದು ಗಂಟೆಯಲ್ಲಿ ಕಂಪ್ರೆಸರ್ ಎಷ್ಟು ನಿಮಿಷ ಓಡಿತು, ಹೊರಗಿನ ಉಷ್ಣಾಂಶ ಎಷ್ಟಿತ್ತು, ಬಾಗಿಲು ಎಷ್ಟು ಹೊತ್ತು ತೆರೆದಿತ್ತು ಎಂಬ ಮೂರನ್ನು ಒಟ್ಟಿಗೆ ಇಟ್ಟು ನೋಡಬೇಕು. ಹೊರಗಿನ ಬಿಸಿ ಮತ್ತು ಬಾಗಿಲಿನ ಹೊತ್ತು ಅಷ್ಟೇ ಇದ್ದು ಓಡುವ ನಿಮಿಷ ವಾರದಿಂದ ವಾರಕ್ಕೆ ಏರುತ್ತಿದ್ದರೆ ಕಂಡೆನ್ಸರ್ ಮೇಲೆ ಧೂಳು ಕಟ್ಟಿದೆ, ಗ್ಯಾಸ್ ಸೋರುತ್ತಿದೆ, ಇಲ್ಲವೇ ಬಾಗಿಲಿನ ರಬ್ಬರ್ ಹೋಗಿದೆ. ಒಳಗಿನ ಉಷ್ಣಾಂಶ ಇನ್ನೂ 5ರಲ್ಲೇ ಇರುತ್ತದೆ, ಏಕೆಂದರೆ ಕಂಪ್ರೆಸರ್ ಹೆಚ್ಚು ದುಡಿದು ಅದನ್ನು ಹಿಡಿದಿಟ್ಟಿರುತ್ತದೆ. ಬರೀ ಥರ್ಮಾಮೀಟರಿಗೆ ಇದು ಎಂದೂ ಕಾಣದು. ಹಳೆಯ ಡೇಟಾವನ್ನು ಕುಗ್ಗಿಸಿ ಇಡುವಾಗ ಸರಾಸರಿಯೊಂದನ್ನೇ ಇಡಬೇಡಿ, ಗರಿಷ್ಠ-ಕನಿಷ್ಠವೂ ಇರಲಿ. ಕಾಲು ಗಂಟೆಯ ಸರಾಸರಿಯಲ್ಲಿ ಐದು ನಿಮಿಷದ ಏರಿಕೆ ಕರಗಿಹೋಗುತ್ತದೆ.

ಲೈಸನ್ಸ್ ಬಗ್ಗೆ ಎರಡು ಮಾತು. ನೋಡ್-ರೆಡ್ ಅಪಾಚೆ 2.0ರಲ್ಲಿದೆ, ಗ್ರಫಾನ 2021ರಿಂದ ಎಜಿಪಿಎಲ್‌ನಲ್ಲಿ. ಒಳಗಿನ ಬಳಕೆಗೆ ಯಾವುದೂ ಅಡ್ಡಿಯಲ್ಲ. ಆದರೆ ಗ್ರಫಾನದ ಕೋಡನ್ನೇ ತಿದ್ದಿ ಗ್ರಾಹಕರಿಗೆ ನೆಟ್‌ವರ್ಕ್ ಮೂಲಕ ಸೇವೆಯಾಗಿ ಕೊಡುವುದಾದರೆ ತಿದ್ದಿದ ಕೋಡನ್ನೂ ಅವರಿಗೆ ಕೊಡಬೇಕಾಗುತ್ತದೆ. ಅದನ್ನು ಒಪ್ಪಂದಕ್ಕೆ ಮುಂಚೆಯೇ ಯೋಚಿಸಿಡಿ.

ಬೋರ್ಡಿನ ಹೊಸ ಕೋಡ್ ದೂರದಿಂದಲೇ ಹೋಗುತ್ತದೆ. ಫ್ಲ್ಯಾಶ್‌ನಲ್ಲಿ ಎರಡು ಭಾಗ ಮಾಡಿ, ಹೊಸದು ಖಾಲಿ ಭಾಗದಲ್ಲಿ ಕೂರುವಂತೆ, ಅದು ಬ್ರೋಕರ್‌ಗೆ ಸೇರಿ ಒಂದು ರೀಡಿಂಗ್ ಕಳಿಸಿದ ಮೇಲಷ್ಟೇ ‘ಸರಿಯಿದೆ’ ಎಂದು ಗುರುತು ಹಾಕಿಕೊಳ್ಳುವಂತೆ ಬರೆದಿದ್ದೇವೆ. ಗುರುತು ಬೀಳುವ ಮೊದಲೇ ಮರುಚಾಲನೆಯಾದರೆ ಹಳೆಯ ಕೋಡಿಗೆ ಮರಳುತ್ತದೆ. ಒಂದು ಬೋರ್ಡಿಗೆ ಹಾಕಿ ಒಂದು ದಿನ ನೋಡಿ, ಆಮೇಲೆ ಉಳಿದವಕ್ಕೆ.

ತಿಂಗಳಿಗೊಮ್ಮೆ ಮೂರು ಪರೀಕ್ಷೆ ಮಾಡುತ್ತೇವೆ: ಒಂದು ಸೆನ್ಸರಿನ ವೈರ್ ಕಳಚುವುದು, ರೂಟರ್ ಆರಿಸುವುದು, ಸರ್ವರಿನ ಪ್ಲಗ್ ಕೀಳುವುದು. ಮುಂಚಿತವಾಗಿ ಯಾರಿಗೂ ಹೇಳುವುದಿಲ್ಲ, ರಾತ್ರಿ ಪಾಳಿಯಲ್ಲೇ ಮಾಡುತ್ತೇವೆ. ಯಾರ ಫೋನ್ ಎಷ್ಟು ನಿಮಿಷಕ್ಕೆ ಸದ್ದು ಮಾಡಿತು, ಯಾರು ಎದ್ದು ಬಂದರು ಎಂದು ಬರೆದಿಡುವ ಹಾಳೆಯನ್ನು ಬೋರ್ಡಿನ ಬಾಕ್ಸಿನ ಮುಚ್ಚಳದ ಒಳಗೇ ಅಂಟಿಸಿದೆ. ಅದರ ಪಕ್ಕದಲ್ಲಿ ನಾಲ್ಕು ಸೆನ್ಸರ್‌ಗಳ ವಿಳಾಸ, ತಿದ್ದುಪಡಿ, ಕೊನೆಯ ಐಸ್ ಪರೀಕ್ಷೆಯ ದಿನಾಂಕ.